ಬೇಕಂತ ಮಾಡಿದ್ದಲ್ಲ ಸ್ವಾಮಿ

‘ಬೇಕಂತಲೇ’ ಎನ್ನುವ ಮಾತಿಗೆ ಬೆಂಗಳೂರಿನಲ್ಲಿ ಉತ್ತಮ ಪುರುಷ ಇಲ್ಲ. ಅವನು ಬೇಕಂತಲೇ ಮಾಡಿದ, ಅವಳು ಬೇಕಂತಲೇ ಅಂದಳು, ನೀವು ಬೇಕಂತಲೇ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ್ದೀರಿ. ಇಲ್ಲಿಯವರೆಗೆ ವ್ಯಾಕರಣ ಸರಾಗ. ‘ನಾನು’ ಬಂದ ತಕ್ಷಣ ಬಾಲಕ್ಕೊಂದು ‘ಇಲ್ಲ’ ಅಂಟಿಕೊಳ್ಳುತ್ತದೆ: ನಾನು ಬೇಕಂತ ಮಾಡಿಲ್ಲ. ‘ಹೂಂ, ಬೇಕಂತಲೇ ಮಾಡ್ದೆ, ಏನಿವಾಗ?’ ಎನ್ನುವ ಎದೆಗಾರಿಕೆ ಇರುವುದು ಐದು ವರ್ಷದೊಳಗಿನ ಮಕ್ಕಳಿಗೆ. ಆರನೇ ವರ್ಷಕ್ಕೆ ಅವರನ್ನೂ ಶಾಲೆಗೆ ಹಾಕಿ ಸರಿಮಾಡುತ್ತೇವೆ.

ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದಿಂದ ಶಿವಾಜಿನಗರದ ಕಡೆಗೆ ಬಸ್ಸಿನಲ್ಲಿ ಬಂದರೆ ಈ ಮಾತಿನ ಎಲ್ಲ ಅವತಾರಗಳೂ ಕಿವಿಗೆ ಬೀಳುತ್ತವೆ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ನಿಂತಲ್ಲೇ ಬೇರು ಬಿಟ್ಟಾಗ, ಡ್ರೈವರ್ ಬೇಕಂತಲೇ ಲೇಟ್ ಮಾಡುತ್ತಿದ್ದಾನೆ ಎಂದು ಒಬ್ಬರು ಗೊಣಗುತ್ತಾರೆ. ಆಟೊದವನು ಬೇಕಂತಲೇ ಮೂತಿ ತೂರಿಸಿದ ಎಂದು ಡ್ರೈವರ್. ಈ ಯಪ್ಪ ಬೇಕಂತಲೇ ಐನೂರರ ನೋಟು ತಂದವ್ನೆ ಎಂದು ಕಂಡಕ್ಟರ್. ಕಂಡಕ್ಟರ್ ಬೇಕಂತಲೇ ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಗೀಚಿಕೊಟ್ಟಿದ್ದಾನೆ, ಇಳಿಯುವಾಗ ನಾನು ಮರೆಯಲಿ ಅಂತ, ಎಂದು ನೋಟಿನ ಯಜಮಾನರು. ಬೆನ್ನಿಗಾನಹಳ್ಳಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ತೆಲುಗಿನ ‘ಕಾವಾಲನೇ ಚೇಸಾಡು’ ಕೇಳುತ್ತದೆ. ಹಲಸೂರಿನಲ್ಲಿ ಹತ್ತುವ ಅಮ್ಮ ಫೋನಿನಲ್ಲಿ ‘ವೇಣುಮ್ನೇ ಪಣ್ಣಿಟ್ಟಾ’ ಎಂದು ಸೊಸೆಯ ಮೇಲೆ ಆರೋಪಪಟ್ಟಿ ಸಲ್ಲಿಸುತ್ತಾರೆ. ಶಿವಾಜಿನಗರದಲ್ಲಿ ಇಳಿದರೆ ‘ಜಾನ್‌ಬೂಜ್‌ಕೋ ಕರ್ಯಾ’ ಎಂಬ ದಖ್ಖನಿ ಸ್ವಾಗತ. ನಡುವೆ ಇಂದಿರಾನಗರ ಬರುತ್ತದೆಯಲ್ಲ, ಅಲ್ಲಿ ಯಾರೂ ಈ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಅಲ್ಲಿ ವಕೀಲರ ನೋಟಿಸು ಆಡುತ್ತದೆ.

ಕನ್ನಡ, ತಮಿಳು, ತೆಲುಗು ಮೂರೂ ಕಾವೇರಿಯಿಂದ ಹಿಡಿದು ಫಲಕದವರೆಗೆ ಜಗಳವಾಡಿದರೂ ಈ ಒಂದು ವಿಷಯದಲ್ಲಿ ಒಂದೇ ತಾಯಿಯ ಮಕ್ಕಳು: ‘ಬೇಕು’ ಅಂತ ಮಾಡಿದ. ದಖ್ಖನಿ ಮಾತ್ರ ಬೇಕು ಬೇಡದ ಗೋಜಿಗೆ ಹೋಗದೆ ತಿಳಿವಳಿಕೆಯನ್ನು ಹಿಡಿಯಿತು: ತಿಳಿದೂ ತಿಳಿದೂ ಮಾಡಿದ. ಬೇಕೆಂದು ಮಾಡುವುದು ಬೇರೆ, ತಿಳಿದು ಮಾಡುವುದು ಬೇರೆ. ಈ ಎರಡರ ನಡುವಿನ ಸಂದಿಯಲ್ಲಿ ನಮ್ಮೂರಿನ ಎಷ್ಟೋ ದೊಡ್ಡ ಮನುಷ್ಯರು ಕಾರು ಸಮೇತ ಪಾರಾಗಿದ್ದಾರೆ. ಅದಕ್ಕೆ ಆಮೇಲೆ ಬರೋಣ.

ಮೊದಲು, ಬೇಕಂತಲೇ ಮಾಡುವವರು ಯಾರು? ಕೆಲಸದವಳು ಬೇಕಂತಲೇ ನೆಂಟರು ಬರುವ ದಿನವೇ ರಜೆ ಹಾಕುತ್ತಾಳೆ. ವಾಚ್‌ಮನ್ ಬೇಕಂತಲೇ ರಾತ್ರಿ ಎರಡು ಗಂಟೆಗೆ ನಿದ್ದೆ ಮಾಡುತ್ತಾನೆ. ರಸೆಲ್ ಮಾರ್ಕೆಟ್ ಎದುರಿನ ತಳ್ಳುಗಾಡಿಯವನು ಬೇಕಂತಲೇ ಫುಟ್‌ಪಾತಿನಲ್ಲಿ ದಾಳಿಂಬೆ ಮಾರುತ್ತಾನೆ. ಬಾಡಿಗೆಯವನು ಬೇಕಂತಲೇ ಐದನೇ ತಾರೀಕಿನ ಬಾಡಿಗೆಯನ್ನು ಎಂಟಕ್ಕೆ ಕೊಡುತ್ತಾನೆ. ಆಟೊದವನಂತೂ ಹುಟ್ಟಿದ್ದೇ ಬೇಕಂತ. ಇನ್ನು ಸ್ವಲ್ಪ ಮೇಲಕ್ಕೆ ಹೋಗಿ. ಬಿಲ್ಡರಿಗೆ ‘ತಡವಾಗಿದೆ’. ಎಂಜಿನಿಯರಿಗೆ ‘ಗಮನಕ್ಕೆ ಬಂದಿಲ್ಲ’. ಬ್ಯಾಂಕಿಗೆ ‘ತಾಂತ್ರಿಕ ದೋಷ’. ಶಾಸಕರಿಗೆ ‘ಬಾಯ್ತಪ್ಪಿ ಬಂದ ಮಾತು’. ಮಂತ್ರಿಗಳ ಮಾತಾದರೆ ‘ತಿರುಚಲಾಗಿದೆ’. ಆದಾಯ ಏರಿದ ಹಾಗೆ ಉದ್ದೇಶ ಇಳಿಯುತ್ತದೆ. ಕೋಟಿ ದಾಟಿದವರಿಗೆ ಉದ್ದೇಶವೇ ಇರುವುದಿಲ್ಲ, ಅವರಿಗೆಲ್ಲ ಎಲ್ಲವೂ ಆಗಿಬಿಟ್ಟಿರುತ್ತದೆ.

ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಪಾಪ, ಅವರು ನಗರಪಾಲಿಕೆಯ ಪತ್ರ ಓದಿದವರಲ್ಲ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.’ ಯಾರು ಪರಿಶೀಲಿಸುತ್ತಾರೆ? ಯಾರು ಕೈಗೊಳ್ಳುತ್ತಾರೆ? ಶ್ರೀ ಲಾಗುವುದು ಅವರು. ಈ ಊರಿನ ಅತ್ಯಂತ ಹಿರಿಯ ಅಧಿಕಾರಿ ಅವರೇ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು, ಕೆ.ಆರ್. ಪುರ, ಮಹದೇವಪುರ ಸೇರಿ ‘ಪೂರ್ವ’ ಆಯಿತು, ಶಿವಾಜಿನಗರ ‘ಕೇಂದ್ರ’ಕ್ಕೆ ಹೋಯಿತು. ಬೋರ್ಡು ಬದಲಾಯಿತು, ಮೊಹರು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. ಲಾಗುವುದು ಅವರು ಐದೂ ಪಾಲಿಕೆಗಳಲ್ಲಿ ಏಕಕಾಲಕ್ಕೆ ಸೇವೆಯಲ್ಲಿ ಮುಂದುವರಿದಿದ್ದಾರೆ.

ಉಳಿದ ಕ್ರಿಯಾಪದಗಳನ್ನೂ ನೋಡಿ. ರಸ್ತೆಗೆ ಗುಂಡಿ ‘ಬಿದ್ದಿದೆ’, ಮರದಿಂದ ಮಾವಿನಕಾಯಿ ಬಿದ್ದ ಹಾಗೆ. ರಾಜಕಾಲುವೆ ‘ಒತ್ತುವರಿಯಾಗಿದೆ’. ಕಡತ ‘ಕೂತಿದೆ’, ನಿಂತೂ ನಿಂತೂ ಕಾಲು ನೋವು ಬಂದಿರಬೇಕು. ಅನುದಾನ ‘ಬಂದಿಲ್ಲ’, ದಾರಿಯಲ್ಲಿ ಟಿನ್ ಫ್ಯಾಕ್ಟರಿ ಸಿಕ್ಕಿರಬೇಕು. ಇಷ್ಟೆಲ್ಲದರ ನಡುವೆ ಬೇಕಂತಲೇ ಕೆಲಸ ಮಾಡುವುದು ಮಳೆಯ ನೀರೊಂದೇ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಕಡೆಯ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗಲೂ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದಾಗಲೂ ವಾಕ್ಯ ಒಂದೇ: ‘ಮನೆಗಳಿಗೆ ನೀರು ನುಗ್ಗಿತು.’ ನುಗ್ಗುವುದು ಎಂದರೆ ಸಾಮಾನ್ಯ ಕ್ರಿಯಾಪದವಲ್ಲ ಸ್ವಾಮಿ, ಅದಕ್ಕೆ ಡಕಾಯಿತನ ಮನಸ್ಸು ಬೇಕು. ಕೆರೆಯ ಅಂಗಳಕ್ಕೆ ಲೇಔಟ್ ನುಗ್ಗಿತು ಎಂದು ಒಬ್ಬ ವರದಿಗಾರನೂ ಬರೆದದ್ದು ನಾನು ಕಂಡಿಲ್ಲ. ಲೇಔಟ್ ‘ತಲೆಯೆತ್ತುತ್ತದೆ’, ಪಾಪದ ಮಗುವಿನ ಹಾಗೆ.

(ಬೆಂಗಳೂರಿನ ಈ ಭಾಗದಲ್ಲಿ ‘ಇದನ್ನು ನಾವು ಬೇಕಂತಲೇ ಮಾಡಿದ್ದು’ ಎಂದು ಕಡತದಲ್ಲಿ ಬರೆದಿಟ್ಟ ಕೊನೆಯವರು ಬ್ರಿಟಿಷರು. 1809ರಲ್ಲಿ ಹಲಸೂರಿನ ಬಯಲು ನೋಡಿ ದಂಡು ಹಾಕಿದರು, 1947ರಲ್ಲಿ ಮೈಸೂರಿಗೆ ವಾಪಸು ಕೊಟ್ಟರು. ಎರಡಕ್ಕೂ ಸಹಿ ಇದೆ. ಆಮೇಲಿನದೆಲ್ಲ ತನ್ನಿಂತಾನೇ ಬೆಳೆದದ್ದು.)

ಉದ್ದೇಶ ಮನಸ್ಸಿನೊಳಗಿನ ವಸ್ತು, ಅದನ್ನು ಸಾಬೀತು ಮಾಡುವುದು ಕಷ್ಟ ಎಂದು ವಕೀಲರು ಹೇಳುತ್ತಾರೆ. ಅವರನ್ನು ನೇರಳೆ ಮಾರ್ಗದ ಮೆಟ್ರೊದಲ್ಲಿ ಕಿಟಕಿ ಪಕ್ಕ ಕೂರಿಸಿ ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಕರೆದುಕೊಂಡು ಹೋಗಬೇಕು. ಸಾವಿರಾರು ತಾರಸಿಗಳು ಕಾಣುತ್ತವೆ. ಆ ತಾರಸಿಗಳ ಮೂಲೆ ಮೂಲೆಯಲ್ಲಿ ಪಿಲ್ಲರಿನಿಂದ ಮೇಲಕ್ಕೆ ಎದ್ದುನಿಂತ ಕಂಬಿಗಳಿವೆ. ಆಳೆತ್ತರದ, ತುಕ್ಕು ಹಿಡಿದ, ನಾಲ್ಕು ನಾಲ್ಕರ ಗೊಂಚಲು ಕಂಬಿಗಳು. ಕೆಲವಕ್ಕೆ ಸಿಮೆಂಟಿನ ಹಾಲು ಬಳಿದಿದ್ದಾರೆ, ಕೆಲವಕ್ಕೆ ಖಾಲಿ ಬಾಟಲಿ ಬೋರಲು ಹಾಕಿದ್ದಾರೆ, ಕೆಲವಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ ದಾರ ಕಟ್ಟಿದ್ದಾರೆ. ಮನುಷ್ಯನ ಉದ್ದೇಶ ಬರಿಗಣ್ಣಿಗೆ ಕಾಣುವ, ಮುಟ್ಟಿದರೆ ಕೈಗೆ ತುಕ್ಕು ಹತ್ತುವ ಜಾಗ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು.

ನಮ್ಮ ಬೀದಿಯ ಓನರ್ ಒಬ್ಬರನ್ನು ಕೇಳಿದೆ.

“ಅಣ್ಣ, ನಿಮಗೆ ಪ್ಲಾನ್ ಸ್ಯಾಂಕ್ಷನ್ ಆಗಿರೋದು ನೆಲ ಪ್ಲಸ್ ಎರಡು ಅಲ್ವ?”

“ಹೌದು ಸಾರ್. ಕರೆಕ್ಟಾಗಿ.”

“ಮೂರನೇದು?”

“ಅದು ಮಗಳ ಮದುವೆ ಟೈಮಲ್ಲಿ ಆಗೋಯ್ತು.”

“ಅದರ ಮೇಲೆ ಕಂಬಿ ಯಾಕೆ ಬಿಟ್ಟಿದೀರಿ?”

“ಹಂಗೇ ಉಳ್ಕೊಂಡಿದೆ ಸಾರ್. ಬಟ್ಟೆ ಒಣಗಾಕಕ್ಕೆ ಅನುಕೂಲ ಆಗುತ್ತೆ.”

ಹದಿನಾರು ಎಂಎಂ ಕಂಬಿಗೆ ಒಣಹಾಕುವ ಲುಂಗಿಯನ್ನು ನಾನು ನೋಡಬೇಕಾಗಿತ್ತು. ಮಗಳ ಮದುವೆಯಲ್ಲಿ ಆಗೋದ ಮಹಡಿಯಲ್ಲಿ ಈಗ ಪಿ.ಜಿ. ನಡೆಯುತ್ತದೆ. ಒಂದು ಕೋಣೆಗೆ ನಾಲ್ಕು ಮಂಚ. ಪಕ್ಕದ ಕಟ್ಟಡಕ್ಕೂ ಇದಕ್ಕೂ ಇರುವ ಜಾಗದಲ್ಲಿ ಬೆಕ್ಕು ತಿರುಗಿಕೊಳ್ಳಬೇಕಾದರೆ ಹಿಂದಕ್ಕೆ ಹೋಗಿ ಬರಬೇಕು. ಅಡುಗೆಮನೆ ಕಿಟಕಿಯಿಂದ ಕೈಚಾಚಿ ಪಕ್ಕದವರ ಒಗ್ಗರಣೆಗೆ ಕರಿಬೇವು ಹಾಕಬಹುದು. ಸೆಟ್‌ಬ್ಯಾಕ್ ಎಲ್ಲಿ ಎಂದರೆ, “ಇತ್ತು ಸಾರ್, ಗೋಡೆ ಕಟ್ಟುವಾಗ ಮೇಸ್ತ್ರಿ ಸ್ವಲ್ಪ ಆಚೆ ಹೋಗ್ಬಿಟ್ಟ.” ಮೇಸ್ತ್ರಿ ಆಚೆ ಹೋದದ್ದು ಮೂರೂ ದಿಕ್ಕಿಗೆ, ಒಂದೇ ಅಳತೆಗೆ.

ಈ ಮರೆವಿನ ಕಾಯಿಲೆಗೆ ಸರ್ಕಾರವೇ ಕಂಡುಹಿಡಿದ ಔಷಧಿಯ ಹೆಸರು ಅಕ್ರಮ-ಸಕ್ರಮ. ಕಾನೂನಿನ ಒಳಗೆ ಇಷ್ಟು ತಾಯಿಕರುಳು ಇರಬಹುದೆಂದು ಇದನ್ನು ಓದುವವರೆಗೆ ನನಗೆ ಗೊತ್ತಿರಲಿಲ್ಲ. ವಾಸದ ಮನೆಯವರು ನಿಯಮವನ್ನು ಶೇ 50ರವರೆಗೆ, ವಾಣಿಜ್ಯ ಕಟ್ಟಡದವರು ಶೇ 25ರವರೆಗೆ ಮುರಿದಿದ್ದರೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದೆಂದು ತೀರ್ಮಾನವಾಯಿತು. ಅಂದರೆ ಅರ್ಧದವರೆಗೆ ತಪ್ಪಿದವನು ಪಾಪ ಕಣ್ತಪ್ಪಿದವನು. ಶೇ 51ಕ್ಕೆ ಕಾಲಿಟ್ಟವನು ಬೇಕಂತಲೇ ಮಾಡಿದವನು. ಅಂಗಡಿಯವನ ಮರೆವಿಗೆ ಸಂಸಾರಸ್ಥನ ಮರೆವಿನ ಅರ್ಧ ಮರ್ಯಾದೆ. ತಪ್ಪು 2013ರ ಅಕ್ಟೋಬರ್ 19ರೊಳಗೆ ಆಗಿರಬೇಕು. ಅಕ್ಟೋಬರ್ 20ರ ಬೆಳಿಗ್ಗೆ ಹಾಕಿದ ಮೋಲ್ಡಿಂಗ್ ದುರುದ್ದೇಶಪೂರಿತ. ಹೈಕೋರ್ಟು 2016ರ ಡಿಸೆಂಬರ್‌ನಲ್ಲಿ ಇದಕ್ಕೆ ಅಸ್ತು ಅಂದಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ತಡೆ ಬಿದ್ದದ್ದು ಸಕ್ರಮಕ್ಕೆ. ಅಕ್ರಮಕ್ಕೆ ಯಾವ ತಡೆಯೂ ಇರಲಿಲ್ಲವಾದ್ದರಿಂದ ಅದು ಮಹಡಿಯ ಮೇಲೆ ಮಹಡಿಯಾಗಿ ನಡೆದುಕೊಂಡು ಹೋಯಿತು.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಬೇರೊಂದು ಮೊಕದ್ದಮೆಯಲ್ಲಿ, ಪೂರ್ಣಗೊಂಡ ಬಗ್ಗೆ ಅಥವಾ ಸ್ವಾಧೀನದ ಬಗ್ಗೆ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬೇಡಿ ಎಂದು ದೇಶಕ್ಕೆಲ್ಲ ಹೇಳಿತು. ಅಂದರೆ ಓಸಿ ತೋರಿಸಿ, ಕರೆಂಟ್ ತಗೊಳ್ಳಿ. ನಮ್ಮ ಓನರ್ ಅಣ್ಣನಿಗೆ ಅಂದಿನಿಂದ ಕೋರ್ಟಿನ ಮೇಲೆ ಸಿಟ್ಟು. “ಬಡವರ ಹೊಟ್ಟೆ ಮೇಲೆ ಬೇಕಂತಲೇ ಹೊಡೆದ್ರು ಸಾರ್” ಎನ್ನುತ್ತಾರೆ. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಕೊನೆಗೂ ಒಬ್ಬ ಕರ್ತೃ ಸಿಕ್ಕಿದ. ದಿಲ್ಲಿಯಲ್ಲಿ.

ಇದೇ ಪೂರ್ವದಲ್ಲಿ, ಬಾಬುಸಾಪಾಳ್ಯದಲ್ಲಿ, 2024ರ ಅಕ್ಟೋಬರ್ 22ರಂದು ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಮಳೆಯ ನಡುವೆ ಕುಸಿಯಿತು. ಸತ್ತವರು ಅಲ್ಲಿ ಕೆಲಸಕ್ಕಿದ್ದ ಕೂಲಿಯವರು. ಅನುಮತಿ ಮೀರಿ ಎಷ್ಟು ಮಹಡಿ ಎಬ್ಬಿಸಿದ್ದರು ಎಂಬ ಲೆಕ್ಕ ಮರುದಿನ ಎಲ್ಲ ಅಧಿಕಾರಿಗಳಿಗೂ ಬಾಯಿಪಾಠ ಇತ್ತು. ಹಿಂದಿನ ದಿನ ಒಬ್ಬರಿಗೂ ಎಣಿಸಲು ಬರುತ್ತಿರಲಿಲ್ಲ.

ಹಲಸೂರಿನ ‘ಬೇಕಂತ’ಕ್ಕೂ ಶಿವಾಜಿನಗರದ ‘ಜಾನ್‌ಬೂಜ್‌ಕೋ’ಗೂ ಇರುವ ಸಂದಿಯ ಮಾತು ಹೇಳಿದ್ದೆನಲ್ಲ, ಅದನ್ನು 1860ರ ದಂಡ ಸಂಹಿತೆ ಅಳತೆಪಟ್ಟಿ ಹಿಡಿದು ಅಳೆದಿತ್ತು. 304ನೇ ಕಲಮಿನ ಮೊದಲ ಭಾಗ, ಸಾಯಲಿ ಎಂಬ ಉದ್ದೇಶದಿಂದ ಸಾವು ತಂದವನಿಗೆ. ಎರಡನೇ ಭಾಗ, ಸತ್ತಾರು ಎಂದು ತಿಳಿದೂ ಮಾಡಿದವನಿಗೆ. ಇವೆರಡೂ ಇಲ್ಲ, ಬರೀ ಅಜಾಗರೂಕತೆ ಎಂದಾದರೆ 1870ರಲ್ಲಿ ಸೇರಿಸಿದ 304-ಎ. ಮೊದಲನೆಯದಕ್ಕೆ ಜೀವಾವಧಿಯವರೆಗೆ, ಎರಡನೆಯದಕ್ಕೆ ಹತ್ತು ವರ್ಷದವರೆಗೆ, ಕೊನೆಯದಕ್ಕೆ ಹೆಚ್ಚೆಂದರೆ ಎರಡು ವರ್ಷ, ಇಲ್ಲವೇ ದಂಡ. ಬಡವನ ಕೈಯಲ್ಲಿ ದೊಣ್ಣೆ ಇದ್ದರೆ ಅವನು ಮೊದಲನೇ ಮೆಟ್ಟಿಲಿನಿಂದ ಶುರುಮಾಡುತ್ತಾನೆ. ಕಂಪನಿಯ ಕೈಯಲ್ಲಿ ಕಾರ್ಖಾನೆ ಇದ್ದರೆ ಅದು ನೇರ ಮೂರನೆಯದಕ್ಕೆ ಹೋಗಿ ಕೂರುತ್ತದೆ.

ಈಗ ಅದೇ ಸಂಹಿತೆಯ 504ನೇ ಕಲಮು ತೆಗೆಯಿರಿ. ಶಾಂತಿಭಂಗವಾಗಲೆಂದು ಉದ್ದೇಶಪೂರ್ವಕವಾಗಿ ಅವಮಾನ ಮಾಡುವುದು. ಕರ್ನಾಟಕದ ಠಾಣೆಗಳಲ್ಲಿ ಎಫ್‌ಐಆರ್ ಓದಿದವರಿಗೆ ಇದರ ಪಲ್ಲವಿ ಗೊತ್ತು: ‘ಅವಾಚ್ಯ ಶಬ್ದಗಳಿಂದ ಬೈದು’. ಹಲಸೂರಿನ ಓಣಿಯಲ್ಲಿ ನಲ್ಲಿ ಮುಂದೆ ಇಬ್ಬರು ಹೆಂಗಸರು ಕೊಡದ ಸರದಿಗಾಗಿ ಜಗಳವಾಡಿದರೆ ರೈಟರ್ ಈ ಸಾಲು ಬರೆಯುತ್ತಾರೆ. ಆ ಹೆಂಗಸಿಗೆ ಉದ್ದೇಶವಿತ್ತೇ? ಬೇಕಾದಷ್ಟಿತ್ತು. ಕಾನೂನು ಅದನ್ನು ಕಂಡುಹಿಡಿದೇ ಬಿಡುತ್ತದೆ. ಶಿಕ್ಷೆ ಎಷ್ಟು? ಹೆಚ್ಚೆಂದರೆ ಎರಡು ವರ್ಷ, ಇಲ್ಲವೇ ದಂಡ. ಸರಿಯಾಗಿ 304-ಎಯಷ್ಟೇ. ಅಂದರೆ 154 ವರ್ಷ ಈ ದೇಶದಲ್ಲಿ ಬೇಕಂತಲೇ ಬೈಯುವುದೂ ಬೇಡವೆಂದು ಕೊಲ್ಲುವುದೂ ಒಂದೇ ದರಕ್ಕೆ ಸಿಗುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅಜಾಗರೂಕತೆಯ ಸಾವಿಗೆ ಐದು ವರ್ಷದವರೆಗೆ ಏರಿಸಿದೆ. ಬೈಗುಳದ ದರ ಹಾಗೇ ಇದೆ, ಎರಡೇ ವರ್ಷ. ಹಣದುಬ್ಬರದ ಕಾಲದಲ್ಲಿ ಇದೊಂದು ಸಮಾಧಾನ.

ಉತ್ಪ್ರೇಕ್ಷೆ ಅನ್ನಬೇಡಿ. ಭೋಪಾಲದಲ್ಲಿ 1984ರಲ್ಲಿ ಅನಿಲ ಸೋರಿ ಸಾವಿರಾರು ಜನ ಸತ್ತರು. ‘ತಿಳಿದೂ ಮಾಡಿದ’ ಎಂಬ ಆರೋಪವನ್ನು 1996ರಲ್ಲಿ ಸುಪ್ರೀಂ ಕೋರ್ಟು ‘ಅಜಾಗರೂಕತೆ’ಗೆ ಇಳಿಸಿತು. 2010ರ ಜೂನ್‌ನಲ್ಲಿ ತೀರ್ಪು ಬಂದಾಗ ಅಧಿಕಾರಿಗಳಿಗೆ ಸಿಕ್ಕಿದ್ದು ಎರಡು ವರ್ಷ. ನಲ್ಲಿ ಮುಂದಿನ ಹೆಂಗಸಿಗೆ ಸಿಗಬಹುದಾಗಿದ್ದಷ್ಟೇ.

ಅದೇ 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿಕೊಂಡಿತು. ಒಂಬತ್ತು ಜನ ಸತ್ತರು, ಕೆಲವರು ಕಿಟಕಿ ಗಾಜು ಒಡೆದು ಕೆಳಗೆ ಹಾರಿ ಸತ್ತರು. ತುರ್ತು ದಾರಿಯ ಬಾಗಿಲಿಗೆ ಬೀಗ ಇತ್ತು. ವಯರು ತನ್ನಷ್ಟಕ್ಕೆ ಸುಡಬಹುದು, ಹೊಗೆ ತನ್ನಷ್ಟಕ್ಕೆ ಹರಡಬಹುದು. ಬೀಗ ಮಾತ್ರ ತನ್ನಷ್ಟಕ್ಕೆ ಬೀಳುವ ವಸ್ತುವಲ್ಲ. ಒಬ್ಬ ಮನುಷ್ಯ ಬೀಗ ತರಬೇಕು, ಬಾಗಿಲು ಮುಚ್ಚಬೇಕು, ಚಿಲಕ ಎಳೆಯಬೇಕು, ಕೀಲಿ ತಿರುವಬೇಕು, ಎಳೆದು ನೋಡಬೇಕು, ಕೀಲಿಯನ್ನು ಜೇಬಿಗೋ ಮೊಳೆಗೋ ಹಾಕಬೇಕು. ಇಷ್ಟು ಬೇಕಂತಲೇ ಮಾಡುವ ಕೆಲಸ ಮನೆಯಲ್ಲಿ ಬೇರೊಂದಿಲ್ಲ. ಆದರೆ ಕನ್ನಡದಲ್ಲಿ ನಾವು ‘ಬೀಗ ಬಿದ್ದಿತ್ತು’ ಎನ್ನುತ್ತೇವೆ. ಇವತ್ತು ಇಂದಿರಾನಗರದ ಯಾವುದಾದರೂ ನಾಲ್ಕು ಮಹಡಿ ಕಟ್ಟಡದ ಹಿಂದಿನ ಮೆಟ್ಟಿಲು ಹತ್ತಿ ನೋಡಿ. ಮುರಿದ ಕುರ್ಚಿ, ಎಣ್ಣೆ ಡಬ್ಬ, ಹಳೇ ಬ್ಯಾನರು, ಎಸಿಯ ಖೋಕಾ. ಕೇಳಿದರೆ, “ಜಾಗ ಇಲ್ಲ ಅಂತ ಇಟ್ಟಿದೀವಿ ಸಾರ್, ಬೇಕಂತ ಅಲ್ಲ.”

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ವಿಜಯೋತ್ಸವಕ್ಕೆ ಬಂದ 11 ಜನ ಸತ್ತಾಗ ನಮ್ಮ ಪತ್ರಿಕೆಗಳಿಗೆ ಪದ ಸಿದ್ಧವಾಗಿಯೇ ಇತ್ತು: ಕಾಲ್ತುಳಿತ. ಎಂಥ ಒಳ್ಳೆಯ ಪದ. ಕರೆದ ಬಾಯಿ ಅದರಲ್ಲಿಲ್ಲ, ಅನುಮತಿಯ ಕಾಗದ ಇಲ್ಲ, ಮುಚ್ಚಿದ ಗೇಟು ಇಲ್ಲ. ಇರುವುದು ಕಾಲು ಒಂದೇ. ಅದೂ ಸತ್ತವರ ಪಕ್ಕದಲ್ಲಿದ್ದವರದ್ದು.

ಹೀಗೆಂದು ದೊಡ್ಡವರಿಗೆ ‘ಬೇಕಂತ’ದ ಪಟ್ಟ ಎಂದೂ ಸಿಗುವುದೇ ಇಲ್ಲ ಎನ್ನಬೇಡಿ. ಒಂದು ಕಡೆ ಸಿಗುತ್ತದೆ, ರಿಸರ್ವ್ ಬ್ಯಾಂಕಿನ ನಿಯಮದಲ್ಲಿ. ತೀರಿಸುವ ಶಕ್ತಿಯಿದ್ದೂ ಸಾಲ ತೀರಿಸದವನು ‘ಉದ್ದೇಶಪೂರ್ವಕ ಸುಸ್ತಿದಾರ’. ಪದದ ಸೊಗಸು ನೋಡಿ. ಸುಸ್ತಾಗುವುದು ನಮ್ಮ ನಿಮ್ಮಂಥವರಿಗೆ ತಾನಾಗಿ ಬರುತ್ತದೆ. ಇವರು ಯೋಜನೆ ಹಾಕಿಕೊಂಡು ಸುಸ್ತಾಗುವವರು. ಈ ಪಟ್ಟಕ್ಕೂ ಅರ್ಹತೆ ಇದೆ: ಬಾಕಿ 25 ಲಕ್ಷ ರೂಪಾಯಿ ಮುಟ್ಟಿರಬೇಕು. ಟಿನ್ ಫ್ಯಾಕ್ಟರಿಯ ಆಟೊದವನು ಎರಡು ಕಂತು ತಪ್ಪಿಸಿದರೆ ಅವನಿಗೆ ಬಿರುದೂ ಇಲ್ಲ, ಸಮಿತಿಯೂ ಇಲ್ಲ. ಸಿಗ್ನಲ್ಲಿನಲ್ಲೇ ನಾಲ್ಕು ಹುಡುಗರು ಬಂದು ಕೀ ಕಿತ್ತುಕೊಂಡು ಆಟೊ ತಗೊಂಡು ಹೋಗುತ್ತಾರೆ.

ದಂಡಿನ ಅಂಚಿನಲ್ಲಿರುವ ವಿಠಲ್ ಮಲ್ಯ ರಸ್ತೆಯ ಯಜಮಾನರ ಕಥೆ ಹಾಗಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನೆಲ ಕಚ್ಚಿತು. ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ 2014ರಲ್ಲಿ ವಿಜಯ್ ಮಲ್ಯ ಅವರಿಗೆ ಈ ಪಟ್ಟ ಕಟ್ಟಿತು. ಅದೇ ಡಿಸೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟು ಕಿತ್ತುಹಾಕಿತು. ಯಾಕೆ ಗೊತ್ತೆ? ಪಟ್ಟ ಕಟ್ಟುವ ಸಮಿತಿಯಲ್ಲಿ ಮೂವರಿರಬೇಕಾದಲ್ಲಿ ನಾಲ್ವರಿದ್ದರು. ಸಾಲ ಹಿಂದಕ್ಕೆ ಬಂತೋ ಇಲ್ಲವೋ ಎನ್ನುವುದು ಆಮೇಲಿನ ಮಾತು, ಮೊದಲು ಕುರ್ಚಿ ಎಣಿಸಬೇಕು. ಸ್ಟೇಟ್ ಬ್ಯಾಂಕು 2015ರ ನವೆಂಬರ್‌ನಲ್ಲಿ ಕುರ್ಚಿ ಸರಿಯಾಗಿ ಎಣಿಸಿ ಮತ್ತೆ ಪಟ್ಟ ಕಟ್ಟಿತು. 2016ರ ಮಾರ್ಚ್ 2ರಂದು ಪಟ್ಟಾಭಿಷಿಕ್ತರು ವಿಮಾನ ಹತ್ತಿದರು, ತಮ್ಮದಲ್ಲದ ಕಂಪನಿಯದು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ 6,203 ಕೋಟಿ ರೂಪಾಯಿಯನ್ನು ವರ್ಷಕ್ಕೆ ಶೇ 11.5 ಬಡ್ಡಿ ಸೇರಿಸಿ ವಸೂಲು ಮಾಡಿ ಎಂದಿತು. ಅವರೂ ಇಂದಿಗೂ ಹೇಳುವುದು ಅದೇ ಮಾತು, ವಿಮಾನ ಕಂಪನಿ ಮುಳುಗಿತು, ನಾನು ಮುಳುಗಿಸಿದ್ದಲ್ಲ. ನಮ್ಮ ಬೀದಿಯ ಓನರ್ ಅಣ್ಣನ ಬಾಯಲ್ಲಿ ಆಗಿದ್ದರೆ, ಹಂಗೇ ಉಳ್ಕೊಂಡಿದೆ ಸಾರ್.

ಮೆಟ್ರೊ ವಿಷಯ ಬೇಗ ಮುಗಿಸುತ್ತೇನೆ, ಬಯ್ಯಪ್ಪನಹಳ್ಳಿಯ ಗೆಳೆಯರು ಇನ್ನೂ ಆ ಆರು ತಿಂಗಳು ನೆನೆದು ಹಲ್ಲು ಕಡಿಯುತ್ತಾರೆ. 2011ರಿಂದ ಬಯ್ಯಪ್ಪನಹಳ್ಳಿಯವರೆಗೆ ರೈಲು ಇತ್ತು. 2023ರ ಮಾರ್ಚ್ 25ರಂದು ಆಚೆ ತುದಿಯಿಂದ, ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ, 13.71 ಕಿ.ಮೀ. ಮಾರ್ಗವನ್ನು ಪ್ರಧಾನಿ ಉದ್ಘಾಟಿಸಿದರು. ನಡುವೆ ಬೆನ್ನಿಗಾನಹಳ್ಳಿಯ ರೈಲು ಹಳಿಗಳ ಮೇಲಿನ ಸುಮಾರು ಎರಡು ಕಿ.ಮೀ. ಬಾಕಿ. ಆ ಎರಡು ಕಿ.ಮೀ. ಯಾವುದು? ಟಿನ್ ಫ್ಯಾಕ್ಟರಿ. ಊರಿನಲ್ಲೇ ಅತ್ಯಂತ ಕೆಟ್ಟ ಆ ಜಾಮಿಗೆ ಜನರನ್ನು ಹವಾನಿಯಂತ್ರಿತ ರೈಲಿನಲ್ಲಿ ತಂದು ಇಳಿಸಿ, ಫೀಡರ್ ಬಸ್ಸು ಹತ್ತಿಸಿ, ಮತ್ತೆ ರೈಲಿಗೆ ಬಿಡುವ ವ್ಯವಸ್ಥೆ ಅಕ್ಟೋಬರ್ 9ರವರೆಗೆ ನಡೆಯಿತು. ಉದ್ಘಾಟನೆಯಾದ ನಾಲ್ಕನೇ ದಿನಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಇದನ್ನು ಯೋಗಾಯೋಗ ಎನ್ನುತ್ತಾರೆ.

ಇಷ್ಟಾದರೂ ಸರ್ಕಾರ ಒಂದು ಕಡೆ ಜನಸಾಮಾನ್ಯನಿಗೂ ದೊಡ್ಡವರ ಸೌಲಭ್ಯವನ್ನು ವಿಸ್ತರಿಸಿದೆ. 2023ರ ಫೆಬ್ರುವರಿಯಲ್ಲಿ ಸಂಚಾರ ದಂಡದ ಹಳೇ ಬಾಕಿಗೆ ಶೇ 50 ರಿಯಾಯಿತಿ ಬಂತು. ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮಿಕ್ಕಿ ಹಣ ಜಮೆಯಾಯಿತು. ಮಾರ್ಚ್‌ನಲ್ಲಿ ಮತ್ತೆ ಬಂತು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಸಿಗ್ನಲ್ ಹಾರಿದ ದಿನವೇ ಮರ್ಯಾದೆಯಿಂದ ಪೂರ್ತಿ ದಂಡ ಕಟ್ಟಿದವನಿಗೆ ಏನು ಸಿಕ್ಕಿತು? ರಸೀದಿ. ಕಟ್ಟದೆ ಕಾದು ಕೂತವನಿಗೆ ಅರ್ಧ ದುಡ್ಡು ಉಳಿಯಿತು. ಕಮರ್ಷಿಯಲ್ ಸ್ಟ್ರೀಟಿನ ಆಷಾಢ ಸೇಲಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ಒಳ್ಳೆಯ ಸೀರೆ ಸಿಗುವ ಸಾಧ್ಯತೆಯಾದರೂ ಇದೆ.

ಮೊನ್ನೆ ಶಿವಾಜಿನಗರದ ಬಸ್‌ಸ್ಟ್ಯಾಂಡ್ ಹಿಂದೆ ಗಾಡಿ ರಿಪೇರಿ ಮಾಡುವ ಭಾಯಿ ಹತ್ತಿರ ಸ್ಕೂಟರು ಬಿಡಲು ಹೋಗಿದ್ದೆ. ನನ್ನ ಹೆಸರಿನಲ್ಲೂ ಒಂದು ನೋಪಾರ್ಕಿಂಗ್ ಕೇಸು ಬಾಕಿ ಇದೆ, ಇವತ್ತೇ ಆನ್‌ಲೈನಿನಲ್ಲಿ ಕಟ್ಟಿಬಿಡುತ್ತೇನೆ ಅಂದೆ. ಭಾಯಿ ಸ್ಪ್ಯಾನರು ಕೆಳಗಿಟ್ಟು, ಸಾಲದಲ್ಲಿರುವ ತಮ್ಮನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಈಗ ಯಾಕೆ ಕಟ್ತೀರ ಸಾರ್? ಎಲೆಕ್ಷನ್ ಬರ್ತಾ ಇದೆ. ನಂದು ಹನ್ನೊಂದು ಕೇಸ್ ಇದೆ, ಜೋಪಾನವಾಗಿ ಇಟ್ಟಿದೀನಿ.”